ಒಂದು ಚೂರಿ, ಮೂರು ಹದ

'ಹದ' ಅನ್ನುವ ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ ನೋಡಿ. ಮಳೆ ಬಿದ್ದ ಮೇಲೆ ಗದ್ದೆ ಹದಕ್ಕೆ ಬರುತ್ತದೆ. ಬೆಲ್ಲದ ಪಾಕಕ್ಕೆ ಹದ ಇದೆ. ಅಡಿಕೆ ಬೇಯಿಸುವಾಗ ಹದ ನೋಡಿ ಇಳಿಸಬೇಕು. ಆಚಾರ್ರು ಕತ್ತಿಗೆ ಹದ ಕೊಡುತ್ತಾರೆ. ಚರ್ಮವನ್ನೂ ಹದ ಮಾಡುತ್ತಾರೆ. ಒಂದು ಸಣ್ಣ ಚೂರಿಯನ್ನೂ ಅದಕ್ಕೊಂದು ಚರ್ಮದ ಒರೆಯನ್ನೂ ಕೈಯಾರೆ ಮಾಡಲು ಕೂತಾಗ ನನಗೆ ಈ ಪದದ ಬೆಲೆ ಗೊತ್ತಾಯಿತು. ಅಲಗಿಗೆ ಒಂದು ಹದ, ಹಿಡಿಗೆ ಒಂದು, ಒರೆಗೆ ಇನ್ನೊಂದು. ಒಂದು ಕೆಟ್ಟರೆ ಉಳಿದ ಎರಡನ್ನೂ ಅದು ಕೆಡಿಸುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಕತ್ತಿ ಇಲ್ಲದ ಮನೆ ಇಲ್ಲ. ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ದೊಡ್ಡ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಅಡುಗೆಮನೆಯ ಈಳಿಗೆಮಣೆ. ಇವೆಲ್ಲ ಕುಲುಮೆಯಿಂದಲೇ ಬರುತ್ತವೆ. ನಾನು ಮಾಡಲು ಹೊರಟದ್ದು ಇವಕ್ಕಿಂತ ಸಣ್ಣದು. ನಾಲ್ಕು ಇಂಚು ಅಲಗಿನ, ಬಳ್ಳಿ ಕೊಯ್ಯಲು, ಹಣ್ಣು ಹೆಚ್ಚಲು, ಹಗ್ಗ ತುಂಡು ಮಾಡಲು ಆಗುವ ಚೂರಿ. ಚಿಕ್ಕವನಿದ್ದಾಗ ನೆಂಟರ ಮನೆಯಲ್ಲಿ ಅಂಥದ್ದೊಂದನ್ನು ನೋಡಿದ್ದೆ. ಅದರ ಹಿಡಿ ಕಡವೆ ಕೊಂಬಿನದು. ಹೊರಗೆಲ್ಲ ಉಬ್ಬು ತಗ್ಗು, ಆದರೂ ಹಿಡಿದರೆ ಅಂಗೈಗೆ ಹೇಳಿ ಮಾಡಿಸಿದ ಹಾಗಿತ್ತು. ಆ ಆಸೆ ಮನಸ್ಸಲ್ಲೇ ಉಳಿದಿತ್ತು. ಅದು ಹೇಗೆ ಬದಲಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಲಗು.

ನಮ್ಮ ಜಿಲ್ಲೆಯವರಿಗೆ ಕಬ್ಬಿಣ ಅಂದರೆ ಭದ್ರಾವತಿ. ಹಿಂದಿನ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿನ ಕಾರ್ಖಾನೆ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಇದ್ದಿಲು ಅಂದರೆ ಇಂಗಾಲ. ಕಬ್ಬಿಣಕ್ಕೂ ಇಂಗಾಲಕ್ಕೂ ಇರುವ ನಂಟಿನಲ್ಲೇ ಚೂರಿಯ ಹರಿತ ಅಡಗಿದೆ. ಬರೀ ಕಬ್ಬಿಣ ಮೆತ್ತಗೆ. ಅದನ್ನು ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಅದರೊಳಗೆ ನೂರಕ್ಕೆ ಅರ್ಧ ಭಾಗದಷ್ಟು ಇಂಗಾಲ ಸೇರಿದರೆ ಸಾಕು, ಬೆಂಕಿಯಲ್ಲಿ ಹದ ಕೊಟ್ಟು ಗಡಸು ಮಾಡಬಹುದಾದ ಉಕ್ಕು ಆಗುತ್ತದೆ. ಮನೆ ಕಟ್ಟುವಾಗ ಮಿಕ್ಕ ಸರಳಿನಲ್ಲಿ ಚೂರಿ ಮಾಡಿಕೊಡಿ ಅಂತ ಕುಲುಮೆಗೆ ಹೋಗುವವರಿದ್ದಾರೆ. ಆಕಾರವೇನೋ ಬರುತ್ತದೆ. ಆದರೆ ಅದರಲ್ಲಿ ಇಂಗಾಲ ಕಡಿಮೆ, ಹಾಗಾಗಿ ಎರಡು ದಿನಕ್ಕೆ ಮೊಂಡಾಗುತ್ತದೆ.

ಅದಕ್ಕೇ ನಮ್ಮ ಕಡೆ ಎಲ್ಲರೂ ಹುಡುಕುವುದು ಲಾರಿ, ಜೀಪಿನ ಹಳೇ ಪ್ಲೇಟು. ಗಾಡಿಯ ಭಾರ ಹೊರುವ ಆ ಬಾಗಿದ ಪಟ್ಟಿಯಲ್ಲಿ ಇಂಗಾಲ ಸುಮಾರು 0.5ರಿಂದ 0.6 ಭಾಗ ಇರುತ್ತದೆ. ಬಗ್ಗಿ ಮತ್ತೆ ನೆಟ್ಟಗಾಗುವುದೇ ಅದರ ಕೆಲಸವಾದ್ದರಿಂದ ಸುಲಭಕ್ಕೆ ಮುರಿಯುವುದೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ವರ್ಷಗಟ್ಟಲೆ ಗುಂಡಿ ರಸ್ತೆಯಲ್ಲಿ ಕುಣಿದ ಪ್ಲೇಟಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ನನ್ನ ಮೊದಲ ಅಲಗು ಬಡಿಯುವಾಗಲೇ ಉದ್ದಕ್ಕೆ ಸೀಳಿತು. ಆಚಾರ್ರು ಅದನ್ನು ಇಕ್ಕಳದಲ್ಲಿ ಎತ್ತಿ ತೋರಿಸಿ, "ಇದು ರಸ್ತೆಯಲ್ಲೇ ಸತ್ತಿತ್ತು ಮಾರಾಯ" ಅಂದರು.

ಬಡಿಯುವ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಕೈಯಲ್ಲಿ ಕಲಿಯುವಂಥದ್ದು. ಕಿತ್ತಳೆ ಬಣ್ಣಕ್ಕೆ ಕಾದಾಗ ಬಡಿಯಬೇಕು. ಬಣ್ಣ ಮಂಕಾದ ಮೇಲೂ ಬಡಿದರೆ ಬಿರಿಯುತ್ತದೆ. ಏಳೆಂಟು ಮಿಲಿಮೀಟರ್ ದಪ್ಪದ ಪ್ಲೇಟು ಮೂರಕ್ಕೆ ಇಳಿಯಬೇಕು. ಹಿಡಿಯೊಳಗೆ ಹೋಗುವ ಸಪೂರ ಭಾಗಕ್ಕೆ ನಮ್ಮ ಆಚಾರ್ರು ಬಾಲ ಅನ್ನುತ್ತಾರೆ. ಬಾಲವೂ ಅಲಗೂ ಸೇರುವಲ್ಲಿ ಚೂಪು ಮೂಲೆ ಇರಬಾರದು, ಸ್ವಲ್ಪ ದುಂಡಗೆ ತಿರುಗಬೇಕು. ಚೂರಿ ಮುರಿದರೆ ಸಾಮಾನ್ಯವಾಗಿ ಅಲ್ಲೇ ಮುರಿಯುವುದು.

ಈಗ ಹದದ ವಿಷಯ. ಕಾದ ಉಕ್ಕನ್ನು ಫಕ್ಕನೆ ತಣಿಸಿದರೆ ಗಟ್ಟಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ? ಉಕ್ಕಿನೊಳಗೆ ಕಬ್ಬಿಣದ ಕಣಗಳು ಸಾಲು ಹಿಡಿದು ಜೋಡಿಸಿಕೊಂಡಿರುತ್ತವೆ. ಸಾಕಷ್ಟು ಕಾಯಿಸಿದಾಗ ಆ ಜೋಡಣೆಯೇ ಬದಲಾಗುತ್ತದೆ. ಹೊಸ ಜೋಡಣೆಯಲ್ಲಿ ಇಂಗಾಲದ ಕಣಗಳಿಗೆ ಒಳಗೆ ನುಸುಳಲು ಜಾಗ ಸಿಗುತ್ತದೆ. ನಿಧಾನ ತಣಿಯಲು ಬಿಟ್ಟರೆ ಕಬ್ಬಿಣ ಹಳೇ ಜೋಡಣೆಗೆ ಮರಳುವಾಗ ಇಂಗಾಲ ಹೊರಗೆ ಸರಿದು ಬೇರೆ ಕೂರುತ್ತದೆ, ಉಕ್ಕು ಮತ್ತೆ ಮೆತ್ತಗಾಗುತ್ತದೆ. ಫಕ್ಕನೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಿಗುವುದಿಲ್ಲ. ಒಳಗೇ ಸಿಕ್ಕಿಬೀಳುತ್ತದೆ. ಸಂತೆ ದಿನ ತುಂಬಿದ ಬಸ್ಸಿನಲ್ಲಿ ಚೀಲ ಹಿಡಿದು ನಿಂತವರ ಹಾಗೆ, ಯಾವ ಸಾಲೂ ಪಕ್ಕಕ್ಕೆ ಜಾರಲು ಆಗುವುದಿಲ್ಲ. ಕಣಗಳ ಸಾಲು ಜಾರದೇ ಇರುವುದಕ್ಕೇ ನಾವು ಗಡಸು ಅನ್ನುವುದು.

ಎಷ್ಟು ಕಾಯಿಸಬೇಕು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಈ ಜಾತಿಯ ಉಕ್ಕಿಗೆ ಸುಮಾರು 800ರಿಂದ 850 ಡಿಗ್ರಿ ಬೇಕು. ಕುಲುಮೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಹಳಬರು ಬಣ್ಣ ನೋಡಿಯೇ ಹೇಳುತ್ತಾರೆ. ನಮ್ಮಂಥವರಿಗೆ ಇನ್ನೊಂದು ದಾರಿ ಇದೆ. ಕಬ್ಬಿಣ 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಾನು ಹಾಳಾದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಕುಲುಮೆಯ ಪಕ್ಕ ನೇತುಹಾಕಿದ್ದೆ. ಅಲಗನ್ನು ತೆಗೆದು ತೆಗೆದು ತಾಗಿಸುವುದು. ಅಂಟುತ್ತಾ ಇದೆ, ಮತ್ತೆ ಬೆಂಕಿಗೆ. ಒಂದು ಸಲ ಏನೂ ಆಗಲಿಲ್ಲ, ಮರದ ತುಂಡು ತಾಗಿಸಿದ ಹಾಗೆ. ಅಲ್ಲಿಂದ ಇನ್ನೊಂದು ಚೂರು ಬಣ್ಣ ಏರಿಸಿ ತೆಗೆಯಬೇಕು. ಸಂಜೆಗತ್ತಲಲ್ಲಿ ಈ ಕೆಲಸ ಮಾಡುವುದು ಒಳ್ಳೆಯದು. ಬಿಸಿಲಿನಲ್ಲಿ ಕೆಂಡದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಅದ್ದುವುದು ಎಣ್ಣೆಯಲ್ಲೋ ನೀರಿನಲ್ಲೋ? ನೀರು ತುಂಬಾ ಬೇಗ ತಣಿಸುತ್ತದೆ. ತೆಳ್ಳಗಿನ ಅಲಗು ಆ ಹೊಡೆತಕ್ಕೆ ಡೊಂಕಾಗಬಹುದು, 'ಟಿಣ್' ಅಂತ ಬಿರಿಯಲೂಬಹುದು. ಪ್ಲೇಟಿನ ಉಕ್ಕಿಗೆ ಎಣ್ಣೆಯ ವೇಗವೇ ಸಾಕು. ದೊಡ್ಡ ಕತ್ತಿಗೆ ಆಚಾರ್ರು ನೀರು ಬಳಸುತ್ತಾರೆ, ಆದರೆ ಪೂರ್ತಿ ಮುಳುಗಿಸುವುದಿಲ್ಲ, ಬಾಯಿಯನ್ನಷ್ಟೇ ತಾಗಿಸಿ ತಾಗಿಸಿ ತೆಗೆಯುತ್ತಾರೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಆ ಅರ್ಧ ನಿಮಿಷ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ನಾನೊಮ್ಮೆ ಏನೋ ಕೇಳಲು ಹೋಗಿ, "ತಡಿ ಮಾರಾಯ, ಹದದ ಹೊತ್ತು" ಅಂತ ಬೈಸಿಕೊಂಡಿದ್ದೇನೆ.

ಅದ್ದಿ ತೆಗೆದ ಅಲಗಿನ ಬಾಯಿಯ ಮೇಲೆ ಅರ ಎಳೆದು ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಹದ ಹಿಡಿದಿದೆ ಅಂತ ಅರ್ಥ. ಆದರೆ ಕೆಲಸ ಇನ್ನೂ ಅರ್ಧ. ಈಗಿನ ಅಲಗು ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮುರಿದೇ ಹೋಗಬಹುದು. ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪವನ್ನು ಬಿಡಿಸಿ ಒಳಗಿನ ಬಿಗಿ ಸಡಿಲ ಮಾಡಬೇಕು. ಅದಕ್ಕೆ ಮತ್ತೆ ಕಾಯಿಸಬೇಕು, ಈ ಸಲ ಬರೀ 200ರಿಂದ 250 ಡಿಗ್ರಿಗೆ.

ಈ ಎರಡನೇ ಕಾಯಿಸುವಿಕೆ ನನಗೆ ಇಡೀ ಕೆಲಸದಲ್ಲೇ ತುಂಬಾ ಇಷ್ಟ. ಅಲಗನ್ನು ಉಜ್ಜಿ ಬೆಳ್ಳಗೆ ಹೊಳೆಯುವ ಹಾಗೆ ಮಾಡಿ, ಕೆಂಪಗೆ ಕಾದ ದಪ್ಪ ಕಬ್ಬಿಣದ ತುಂಡಿನ ಮೇಲೆ ಅದರ ಬೆನ್ನು ತಾಗಿಸಿ ಹಿಡಿಯಬೇಕು. ಬಿಸಿ ಬೆನ್ನಿನಿಂದ ಬಾಯಿಯ ಕಡೆಗೆ ನಿಧಾನ ಇಳಿಯುತ್ತದೆ. ಅದರ ಜೊತೆಗೆ ಬಣ್ಣವೂ ಇಳಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಸುಮಾರು 220 ಡಿಗ್ರಿ. ಅದು ಕಂದಾದರೆ 250ರ ಆಚೆಈಚೆ. ಆಮೇಲೆ ನೇರಳೆ. 300ರ ಹತ್ತಿರ ನವಿಲಿನ ಕತ್ತಿನ ನೀಲಿ. ಇದು ಉಕ್ಕಿನ ಬಣ್ಣ ಅಲ್ಲ. ಬಿಸಿಗೆ ಮೇಲ್ಗಡೆ ಹುಟ್ಟುವ ತೆಳು ಪೊರೆಯ ಆಟ. ಮಳೆನೀರಿನ ಮೇಲೆ ಡೀಸೆಲ್ ಹನಿ ಬಿದ್ದರೆ ಬಣ್ಣ ಹರಡುತ್ತದಲ್ವಾ, ಅದೇ ಥರ ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಸಣ್ಣ ಚೂರಿಗೆ ಬಾಯಿಯಲ್ಲಿ ಹುಲ್ಲಿನ ಹಳದಿ ಕಂಡ ಕೂಡಲೇ ನಿಲ್ಲಿಸಬೇಕು. ಮರ ಕಡಿಯುವ ಕತ್ತಿಗೆ ನೇರಳೆವರೆಗೂ ಬಿಡಬಹುದು, ಯಾಕೆಂದರೆ ಅದು ಪೆಟ್ಟು ತಡೆಯಬೇಕು. ಮನೆಯಲ್ಲಿ ಕೇಕು ಮಾಡುವ ಓವನ್ ಇದ್ದರೆ 200 ಡಿಗ್ರಿಗೆ ಇಟ್ಟು ಒಂದೊಂದು ಗಂಟೆ ಎರಡು ಸಲ ಕಾಯಿಸಿದರೂ ಆಗುತ್ತದೆ. ಅದರಲ್ಲಿ ತಪ್ಪಾಗುವುದು ಕಡಿಮೆ. ಆದರೆ ಬಣ್ಣ ಇಳಿಯುವುದನ್ನು ನೋಡುವ ಖುಷಿ ಅದರಲ್ಲಿ ಇಲ್ಲ.

ಇನ್ನು ಕೊಂಬು. ಕನ್ನಡದಲ್ಲಿ ಕೊಂಬು ಅನ್ನುವ ಒಂದೇ ಪದಕ್ಕೆ ಎರಡು ಬೇರೆ ವಸ್ತು ಸೇರಿಕೊಂಡಿವೆ. ಎಮ್ಮೆ, ದನ, ಕಾಟಿ, ಆಡಿನ ಕೊಂಬು ಉಗುರಿನ ಜಾತಿ. ನಮ್ಮ ಉಗುರು, ಕೂದಲು, ದನದ ಗೊರಸು ಯಾವುದರಿಂದ ಆಗಿದೆಯೋ ಅದೇ ವಸ್ತು. ಒಳಗೆ ಮೂಳೆಯ ತಿರುಳು, ಹೊರಗೆ ಟೋಪಿಯ ಹಾಗೆ ಈ ಚಿಪ್ಪು. ಹುಟ್ಟಿದ ಮೇಲೆ ಬೆಳೆಯುತ್ತಲೇ ಹೋಗುತ್ತದೆ, ಉದುರುವುದಿಲ್ಲ. ಕಡವೆ, ಚುಕ್ಕೆ ಜಿಂಕೆಯ ಕವಲುಗೊಂಬು ಹಾಗಲ್ಲ. ಅದು ಪೂರ್ತಿ ಮೂಳೆ. ಗಂಡಿಗೆ ಮಾತ್ರ ಬರುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಉದುರಿ ಹೊಸದು ಹುಟ್ಟುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತ ಹರಿಯುತ್ತಿರುತ್ತದೆ. ಶಿವಮೊಗ್ಗದ ಹತ್ತಿರ ತ್ಯಾವರೆಕೊಪ್ಪದ ಮೃಗಾಲಯಕ್ಕೆ ಹೋದಾಗ ಜಿಂಕೆಗಳ ತಲೆ ಗಮನಿಸಿ, ಕೆಲವಕ್ಕೆ ಈ ಮೆತ್ತನೆಯ ಕೊಂಬು ಇರುತ್ತದೆ. ಬೆಳೆದು ಮುಗಿದ ಮೇಲೆ ರಕ್ತ ನಿಲ್ಲುತ್ತದೆ, ಜಿಂಕೆ ಮರಕ್ಕೆ ತಿಕ್ಕಿ ತಿಕ್ಕಿ ಆ ಚರ್ಮ ಕಳಚುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಕೃಷ್ಣಮೃಗವನ್ನು ನಾವು ಜಿಂಕೆ ಅನ್ನುತ್ತೇವೆ, ಆದರೆ ಅದರದ್ದು ಉಗುರಿನ ಜಾತಿಯ ಕೊಂಬು. ಕಾಡುಕುರಿಯ ಹೆಸರಲ್ಲೇ ಕುರಿ ಇದೆ, ಆದರೆ ಅದು ಉದುರುವ ಕೊಂಬಿನ ಜಿಂಕೆ.

ಚೂರಿಯ ಹಿಡಿಗೆ ಕವಲುಗೊಂಬು ಯಾಕೆ ಅಷ್ಟು ಹೆಸರುವಾಸಿ? ಅದರಲ್ಲಿ ಸುಣ್ಣದಂಶ ಮಾಮೂಲಿ ಮೂಳೆಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಪೆಟ್ಟಿಗೆ ಸೀಳುವುದಿಲ್ಲ. ಎರಡು ಗಂಡು ಕಡವೆ ತಲೆ ಕೊಟ್ಟು ಕಾದಾಡುವಾಗ ಒಡೆಯಬಾರದಲ್ವಾ? ಹೊರಗಡೆ ಗಟ್ಟಿ, ನಡುವೆ ಸ್ಪಂಜಿನಂಥ ತಿರುಳು. ಆ ತಿರುಳಿನೊಳಕ್ಕೆ ಅಲಗಿನ ಬಾಲ ಸಲೀಸಾಗಿ ಇಳಿಯುತ್ತದೆ. ಹೊರಗಿನ ಉಬ್ಬುಗೆರೆಗಳಿಂದ ಒದ್ದೆ ಕೈಯಲ್ಲೂ ಜಾರುವುದಿಲ್ಲ. ಕಡವೆ ಕೊಂಬಿನಲ್ಲಿ ತಿರುಳು ಕಡಿಮೆ, ಗಟ್ಟಿ ಭಾಗ ಜಾಸ್ತಿ. ಅದಕ್ಕೇ ಇಂಗ್ಲೆಂಡಿನ ಶೆಫೀಲ್ಡಿನ ಚೂರಿ ತಯಾರಕರು ಭಾರತದಿಂದ ಇದನ್ನು ತರಿಸಿಕೊಳ್ಳುತ್ತಿದ್ದರು. 1990ರ ದಶಕದ ಕೊನೆಯಲ್ಲಿ ನಮ್ಮ ಸರ್ಕಾರ ಆ ರಫ್ತು ನಿಲ್ಲಿಸಿತು.

ಯುರೋಪಿನ ಉತ್ತರ ತುದಿಯಲ್ಲಿ ಸಾಮಿ ಜನರಿಗೆ ಈ ಕೊಂಬಿನ ಚೂರಿ ಇವತ್ತಿಗೂ ದಿನಬಳಕೆಯ ವಸ್ತು. ಅವರು ಹಿಮಸಾರಂಗವನ್ನು ನಾವು ದನ ಸಾಕುವ ಹಾಗೆ ಸಾಕುತ್ತಾರೆ. ಆ ಒಂದು ಜಾತಿಯಲ್ಲಿ ಹೆಣ್ಣಿಗೂ ಕವಲುಗೊಂಬು ಬರುತ್ತದೆ. ಹಿಡಿಯೂ ಕೊಂಬಿನದೇ, ಒರೆಯ ಕೆಳಗಿನ ಅರ್ಧವೂ ಕೊಂಬಿನದೇ, ಮೇಲಿನ ಅರ್ಧ ಚರ್ಮದ್ದು. ಅವರಿಗೆ ಅದು ಹಟ್ಟಿಯ ವಸ್ತು. ನಮಗೆ ಕವಲುಗೊಂಬು ಕಾಡಿನದು, ನಮ್ಮದಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ "ತಾನಾಗಿ ಉದುರಿದ್ದು ತಗೊಂಡರೆ ಏನು ತಪ್ಪು?" ಅಂತ ಕೇಳುವವರು ತುಂಬಾ ಜನ. ತಪ್ಪಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಕೊಂಬು ಸರ್ಕಾರದ ಆಸ್ತಿ. ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್‌ಗಳ ಸುದ್ದಿ ರಾಜ್ಯದಲ್ಲೆಲ್ಲ ಹಬ್ಬಿದಾಗ ಎಷ್ಟೋ ಹಳೇ ಮನೆಗಳಲ್ಲಿ ಗೋಡೆಯ ಮೇಲಿನ ಕೊಂಬು ನೋಡಿ ಜನ ಗಾಬರಿಯಾದರು. ಗೊತ್ತಿಲ್ಲದೆ ಇಟ್ಟುಕೊಂಡವರೇ ಜಾಸ್ತಿ.

ಕಾಯ್ದೆ ಬಿಡಿ, ನನ್ನ ಆಸೆ ಹೋಗಿದ್ದು ಬೇರೆ ಕಾರಣಕ್ಕೆ. ಒಂದು ಬೇಸಿಗೆಯಲ್ಲಿ ತೋಟದಾಚೆಯ ಕಾಡಂಚಿನಲ್ಲಿ ಉದುರಿದ ಕೊಂಬು ಕಂಡೆ. ಕೂತು ನೋಡಿದೆ, ಮುಟ್ಟಲಿಲ್ಲ. ಒಂದು ಕವಲು ಅರ್ಧಕ್ಕೇ ಮುಗಿದಿತ್ತು. ಮುಗಿದಲ್ಲಿ ಸಣ್ಣ ಉಳಿಯಿಂದ ಕೆತ್ತಿದ ಹಾಗೆ ಜೋಡಿ ಜೋಡಿ ಗೆರೆ. ಮುಳ್ಳುಹಂದಿ ಕಡಿದದ್ದು. ಅದಕ್ಕೆ ಸುಣ್ಣದಂಶ ಬೇಕು, ಹಲ್ಲೂ ಸವೆಯಬೇಕು. ನಮ್ಮ ಮಣ್ಣಲ್ಲಿ ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ತೋಟಕ್ಕೆ ನಾವು ಸುಣ್ಣ ಹಾಕುವುದು. ಕಾಡಿಗೆ ಯಾರು ಹಾಕುತ್ತಾರೆ? ಆ ಕೊಂಬೇ ಅಲ್ಲಿನ ಸುಣ್ಣ.

ಹಾಗಾಗಿ ನಾನು ಹಿಡಿಗೆ ಬಳಸಿದ್ದು ಸಾಕಿದ ಎಮ್ಮೆಯ ಕೊಂಬು. ವಯಸ್ಸಾಗಿ ಸತ್ತ, ನಮ್ಮ ಹಟ್ಟಿಯದೇ ಎಮ್ಮೆ. ಕುದಿಸಿದರೆ ಒಳಗಿನ ಮೂಳೆ ಸಡಿಲವಾಗಿ ಕಳಚಿ ಬರುತ್ತದೆ. ಬುಡ ಟೊಳ್ಳು, ತುದಿಯ ಕಡೆ ಗಟ್ಟಿ. ಹಿಡಿ ಆಗುವುದು ಆ ತುದಿ. ಉಗುರಿನ ಜಾತಿಯಾದ್ದರಿಂದ ಇದರ ಹದ ಮೂಳೆಗಿಂತ ಬೇರೆ. ಬಿಸಿನೀರಿಗೆ ಮೆತ್ತಗಾಗುತ್ತದೆ, ಬಗ್ಗಿಸಬಹುದು. ಥಂಡಿ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಹಿಡಿಯ ಅಳತೆಗೆ ಕತ್ತರಿಸಿದ ತುಂಡನ್ನು ಒಂದು ಮಳೆಗಾಲ, ಒಂದು ಬೇಸಿಗೆ ಸುಮ್ನೆ ಬಿಡಬೇಕು. ಆತುರ ಪಟ್ಟರೆ ಹಿಡಿಗೂ ಅಲಗಿಗೂ ನಡುವೆ ಸಂದು ಬಿಡುತ್ತದೆ. ತೂತು ಕೊರೆಯುವಾಗ ನಿಧಾನ. ಡ್ರಿಲ್ಲು ಬಿಸಿಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಎಮ್ಮೆ ಕೊಂಬೋ ಮೂಳೆಯೋ ಅಂತ ಅನುಮಾನ ಇದ್ದರೆ ಆ ವಾಸನೆಯೇ ಹೇಳುತ್ತದೆ. ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್ ಬೇಕೇ ಬೇಕು. ಕೊಂಬು ಸಿಗದವರಿಗೆ ಬಗನಿ ಮರದ ಕರೀ ಹೊರಭಾಗ ಇದೆ. ಹೊಳಪು, ಗಟ್ಟಿತನ ಎರಡರಲ್ಲೂ ಅದೇನೂ ಕಡಿಮೆ ಇಲ್ಲ.

ಬಾಲವನ್ನು ಹಿಡಿಯೊಳಗೆ ಕೂರಿಸಲು ಹಳೇ ಪದ್ಧತಿ ಅರಗು. ಅರಗಿನ ಪುಡಿಗೆ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬುವುದು, ಬಾಲವನ್ನು ಬಿಸಿ ಮಾಡಿ ಒತ್ತುವುದು. ಅರಗು ಕರಗಿ ಸಂದುಗೊಂದಿಗೆಲ್ಲ ಹರಿದು, ತಣಿದ ಮೇಲೆ ಕಲ್ಲಾಗುತ್ತದೆ. ಇದರಲ್ಲಿ ಎರಡು ಲಾಭ. ನೀರು ಒಳಗೆ ಇಳಿಯುವುದಿಲ್ಲ, ಮುಂದೆ ಯಾವಾಗಲಾದರೂ ಹಿಡಿ ಬದಲಿಸಬೇಕು ಅಂದರೆ ಬಿಸಿ ತೋರಿಸಿ ಬಿಡಿಸಬಹುದು. ಈಗಿನ ಎರಡು ಟ್ಯೂಬಿನ ಅಂಟು ಇನ್ನೂ ಗಟ್ಟಿ, ಆದರೆ ಬಿಡಿಸಲು ಬರುವುದಿಲ್ಲ. ಬಾಲವನ್ನು ಬಿಸಿ ಮಾಡುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಕೊಟ್ಟ ಹದ ಇಳಿದುಹೋಗುತ್ತದೆ.

ಈಗ ಮೂರನೇ ಹದ, ಚರ್ಮದ್ದು. ಇದನ್ನು ಮಲೆನಾಡಿನವರಿಗೆ ಹೇಳುವುದು ಸುಲಭ, ಯಾಕೆಂದರೆ ಇದರ ಅರ್ಧ ನಮಗೆ ಬಾಯಲ್ಲೇ ಗೊತ್ತು. ಎಳೇ ಅಡಿಕೆ ಅಗಿದರೆ ನಾಲಿಗೆ ಎಳೆದುಕೊಂಡ ಹಾಗಾಗುತ್ತದಲ್ವಾ? ಅದಕ್ಕೆ ಒಗರು ಅನ್ನುತ್ತೇವೆ. ಅದನ್ನು ರುಚಿ ಅಂತ ಕರೆದರೂ ಅಲ್ಲಿ ನಡೆಯುವುದು ಹಿಡಿತ. ಅಡಿಕೆಯಲ್ಲಿರುವ ಟ್ಯಾನಿನ್ ಅನ್ನುವ ವಸ್ತು ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಹಾಕುತ್ತದೆ. ಬಾಯಿಯ ಜಾರುತನ ಹೋಗಿ ಒರಟಾಗುತ್ತದೆ. ಪ್ರಾಣಿಯ ತೊಗಲೂ ಪ್ರೋಟೀನಿನ ಎಳೆಗಳ ನೇಯ್ಗೆಯೇ. ಹಸಿ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ, ನೆನೆದರೆ ಮತ್ತೆ ಕೊಳೆಯುತ್ತದೆ. ಅದನ್ನು ಒಗರಿನ ನೀರಲ್ಲಿ ವಾರಗಟ್ಟಲೆ ನೆನೆಸಿದರೆ ಟ್ಯಾನಿನ್ ಎಳೆ ಎಳೆಯನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಅದು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಲಭದ ತುತ್ತಲ್ಲ. ತೊಗಲು ಚರ್ಮವಾಯಿತು. ನಾಲಿಗೆಯ ಮೇಲೆ ಒಂದು ನಿಮಿಷ ನಡೆದದ್ದೇ ತೊಟ್ಟಿಯಲ್ಲಿ ಒಂದು ತಿಂಗಳು ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಇದೇ ಟ್ಯಾನಿನ್ ತುಂಬಿದ ನೀರು. ಸಾಗರದ ಹೆಗ್ಗೋಡಿನಲ್ಲಿ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕುತ್ತಾರೆ. ಚರ್ಮವನ್ನೂ ಅದರಲ್ಲಿ ಹದ ಮಾಡಬಹುದು. ಆದರೆ ಹಳೆಯ ಕಾಲದಿಂದ ಚರ್ಮಕ್ಕೆ ಜಾಸ್ತಿ ಬಳಸುತ್ತಿದ್ದದ್ದು ಅಳಲೆಕಾಯಿ, ತಂಗಡಿ ತೊಗಟೆ, ಜಾಲಿ ತೊಗಟೆ. ತಮಿಳುನಾಡಿನ ತಿರುಚಿ, ದಿಂಡಿಗಲ್ ಕಡೆ ಈಗಲೂ ಹೀಗೆ ಗಿಡಮರಗಳ ಒಗರಿನಲ್ಲಿ ಹದ ಮಾಡಿದ ಚರ್ಮ ಸಿಗುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಚರ್ಮ ಮಾತ್ರ ಕ್ರೋಮಿಯಂ ಉಪ್ಪಿನಲ್ಲಿ ಒಂದೆರಡು ದಿನಕ್ಕೆ ಹದ ಮಾಡಿದ್ದು. ಮೆತ್ತಗೆ, ಚೀಲಕ್ಕೆ, ಚಪ್ಪಲಿಯ ಮೇಲ್ಭಾಗಕ್ಕೆ ಒಳ್ಳೆಯದು. ಒರೆಗೆ ಆಗದು. ನೆನೆಸಿ ಒತ್ತಿದರೂ ಆಕಾರ ಹಿಡಿಯುವುದಿಲ್ಲ. ನಾನು ಮೊದಲ ಸಲ ತರಿಸಿದ ತುಂಡನ್ನು ಮಾರಿದವರು ಒಗರಿನ ಚರ್ಮ ಅಂದಿದ್ದರು. ಅಂಚು ಕತ್ತರಿಸಿ ನೋಡಿದರೆ ನಡುವೆ ತಿಳಿ ನೀಲಿ ಬೂದು ಗೆರೆ. ಅದು ಕ್ರೋಮಿನ ಗುರುತು. ಒಗರಿನ ಚರ್ಮ ಒಳಗೂ ಕಂದೇ ಇರುತ್ತದೆ, ಮೇಲೆ ಒಂದು ಹನಿ ನೀರು ಹಾಕಿದರೆ ಹೀರಿಕೊಂಡು ಕಪ್ಪಗಾಗುತ್ತದೆ.

ಒರೆಗೆ ಮೂರು ಮಿಲಿಮೀಟರ್ ದಪ್ಪದ್ದು ಸಾಕು. ಚರ್ಮ ಕತ್ತರಿಸುವ ಮೊದಲು ನಾನು ಅಡಿಕೆ ಹಾಳೆಯಲ್ಲಿ ಮಾದರಿ ಮಾಡಿದೆ. ಕಾಗದಕ್ಕಿಂತ ಇದು ಎಷ್ಟೋ ಉತ್ತಮ. ನೆನೆಸಿದ ಹಾಳೆ ಹೆಚ್ಚುಕಡಿಮೆ ಚರ್ಮದಷ್ಟೇ ದಪ್ಪ, ಮಡಚಿದರೆ ಚರ್ಮದ ಹಾಗೇ ಬಾಗುತ್ತದೆ. ಚೂರಿಯನ್ನು ನಡುವೆ ಇಟ್ಟು ಹಾಳೆಯನ್ನು ಅದರ ಬೆನ್ನಿನ ಕಡೆ ಮಡಚಿ, ಬಾಯಿಯ ಕಡೆ ಎರಡು ಅಂಚು ಸೇರಿಸಿ, ಬೆರಳು ದಪ್ಪ ಜಾಗ ಬಿಟ್ಟು ಗೆರೆ ಎಳೆದೆ. ಮೊದಲನೇ ಹಾಳೆ ಬಿಗಿಯಾಯಿತು, ಎರಡನೆಯದು ಸರಿಯಾಯಿತು. ಹಾಳೆಗೇನು ಬರ, ಅಂಗಳದ ತುಂಬಾ ಬಿದ್ದಿರುತ್ತದೆ.

ಹೊಸಬರು ತಪ್ಪುವುದು ಹೊಲಿಗೆಯಲ್ಲಿ. ಎರಡು ಅಂಚನ್ನು ನೇರ ಜೋಡಿಸಿ ಹೊಲಿದರೆ ಅಲಗಿನ ಬಾಯಿ ದಾರದ ಮೇಲೇ ಕೂರುತ್ತದೆ. ನಾಲ್ಕು ಸಲ ಎಳೆದು ಹಾಕಿದರೆ ದಾರ ತುಂಡಾಗಿ, ಮುಂದಿನ ಸಲ ಕೈಗೇ ಬರುತ್ತದೆ. ಅದಕ್ಕೆ ಎರಡು ಅಂಚಿನ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಮೂರೂ ಪದರ ಸೇರಿಸಿ ಹೊಲಿಯಬೇಕು. ಆಗ ಬಾಯಿ ಆ ಪಟ್ಟಿಗೆ ತಾಗುತ್ತದೆ, ದಾರಕ್ಕಲ್ಲ. ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ, ನಾಲ್ಕು ಮಿಲಿಮೀಟರಿಗೊಂದರಂತೆ ದಬ್ಬಣದಿಂದ ತೂತು. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ, ಎರಡೂ ತುದಿಗೆ ಸೂಜಿ, ಮೈಗೆ ಜೇನುಮೇಣ. ಪ್ರತೀ ತೂತಿನಲ್ಲೂ ಎರಡು ಸೂಜಿ ಎದುರುಬದುರು ದಾಟಬೇಕು. ಮಿಶನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ಒಂದು ಹೋದರೆ ಸಾಲೇ ಬಿಚ್ಚುತ್ತದೆ. ಇಲ್ಲಿ ಒಂದು ಕಡೆ ಸವೆದು ತುಂಡಾದರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ಹೊಲಿದ ಒರೆಯನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಚೂರಿಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿ ಒಳಗೆ ಹಾಕಿ. ಈಗ ಹೆಬ್ಬೆರಳಿಂದ ಹಿಡಿಯ ಸುತ್ತ ಒತ್ತುತ್ತಾ ಬನ್ನಿ. ಒದ್ದೆ ಚರ್ಮ ಜೇಡಿಮಣ್ಣಿನ ಹಾಗೆ ಮಾತು ಕೇಳುತ್ತದೆ. ಹಿಡಿಯ ಪ್ರತೀ ಉಬ್ಬೂ ಮೇಲೆ ಮೂಡಬೇಕು. ಆಮೇಲೆ ಚೂರಿ ತೆಗೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಒಲೆ ಹತ್ತಿರ ಇಟ್ಟರೆ ಸುಕ್ಕುಗಟ್ಟಿ ಬಿರಿಯುತ್ತದೆ. ಒಣಗಿದ ಮೇಲೆ ಚೂರಿ ಒಳಗೆ ಹೋಗುವಾಗ 'ಟಕ್' ಅಂತ ಕೂತರೆ, ಗುಂಡಿಯೂ ಬೇಡ, ಪಟ್ಟಿಯೂ ಬೇಡ. ತಲೆಕೆಳಗು ಮಾಡಿದರೂ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಜೂನ್ ತಿಂಗಳಲ್ಲಿ ಚೂರಿಯನ್ನು ಒರೆಯಲ್ಲಿಟ್ಟು ಗೋಡೆಯ ಮೊಳೆಗೆ ನೇತುಹಾಕಿದೆ. ಆಷಾಢ ಮುಗಿದ ಮೇಲೆ ಎಳೆದರೆ ಬರಲಿಲ್ಲ. ಜಗ್ಗಿ ತೆಗೆದೆ. ಅಲಗಿನ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ನಡುವೆ ಕೆಂಪು ತುಕ್ಕು, ಉಗುರು ಆಡಿಸಿದರೆ ಗುಳಿ ಸಿಗುತ್ತಿತ್ತು. ಕಪ್ಪು ಯಾಕೆ? ಅಡಿಕೆ ಸುಲಿಯುವವರ ಕೈ, ಅವರ ಮೆಟ್ಟುಗತ್ತಿ ಎರಡೂ ಕಪ್ಪಾಗುವುದನ್ನು ನಾವು ಪ್ರತೀ ಸುಗ್ಗಿಯಲ್ಲೂ ನೋಡುತ್ತೇವೆ. ಒಗರೂ ಕಬ್ಬಿಣವೂ ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ನನ್ನ ಒರೆಯೊಳಗೆ ಮಳೆಗಾಲದ ಥಂಡಿ ಅದೇ ಮಸಿ ಮಾಡಿತ್ತು. ಚರ್ಮ ಗಾಳಿಯ ನೀರು ಹೀರುತ್ತದೆ, ಒಗರಿಗೆ ಸ್ವಲ್ಪ ಹುಳಿಯ ಗುಣವೂ ಇದೆ. ಎರಡೂ ಸೇರಿ ಉಕ್ಕನ್ನು ತಿನ್ನುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಹೊಯ್ಯುವ ಆಗುಂಬೆ ನಮಗೆ ದೂರವಿಲ್ಲ. ಇಲ್ಲಿ ಒರೆ ಚೂರಿಯನ್ನು ಹೊತ್ತು ತಿರುಗಲು ಮಾತ್ರ, ಇಡಲು ಅಲ್ಲ.

ಈಗ ರೋಹಿಣಿ ಮಳೆ ಹನಿದ ಕೂಡಲೇ ಎರಡನ್ನೂ ಬೇರೆ ಮಾಡುತ್ತೇನೆ. ಅಲಗಿಗೆ ಎಣ್ಣೆ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಬಟ್ಟೆ ಸುತ್ತಿ ಇಡುತ್ತೇನೆ. ಬಿಸಿಗೆ ಥಂಡಿ ಹತ್ತಿರ ಬರುವುದಿಲ್ಲ, ಹೊಗೆಗೆ ಹಿಡಿಯ ಕೊಂಬು ತಿನ್ನುವ ಹುಳವೂ ಬರುವುದಿಲ್ಲ. ಒರೆಗೆ ಜೇನುಮೇಣ ತಿಕ್ಕಿ, ಬೂಸಲು ಹಿಡಿಯದ ಹಾಗೆ ಗಾಳಿಯಾಡುವ ಕಡೆ ಬಾಯಿ ಕೆಳಗೆ ಮಾಡಿ ನೇತುಹಾಕುತ್ತೇನೆ. ಆಯುಧಪೂಜೆಯ ದಿನ ಬೆಳಿಗ್ಗೆ ಎರಡನ್ನೂ ಇಳಿಸಿ, ಒರೆಸಿ, ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದು, ಚೂರಿಯನ್ನು ಮತ್ತೆ ಒರೆಗೆ ಹಾಕುತ್ತೇನೆ.